ಮೀಟರ್ 62,000 ಅನ್ನುವ ಕಾರೋ, 1,84,000 ಅನ್ನುವ ಕಾರೋ?

ಮಳೆಗಾಲ ಮುಗಿಯುತ್ತಾ ಬಂದ ಹೊತ್ತಿಗೆ ಭಾವ ಫೋನ್ ಮಾಡಿದರು. "ಮಂಗಳೂರಿನ ಹಳೇ ಕಾರಿನ ಯಾರ್ಡ್ ಒಂದರಲ್ಲಿ ಮಾರುತಿ ಡಿಸೈರ್ ನೋಡಿದ್ದೇನೆ ಮಾರಾಯ. 2015ರ ಡೀಸೆಲ್. ಬರೀ 62,000 ಓಡಿದ್ದು. ನಾಳೆ ಅಡ್ವಾನ್ಸ್ ಕೊಡುವಾ ಅಂತ."

"62,000 ಅಂತ ಯಾರು ಹೇಳಿದ್ದು ಭಾವ?"

"ಯಾರು ಹೇಳುವುದೆಂತ, ಮೀಟರಲ್ಲೇ ಉಂಟಲ್ಲ!"

ಅಡ್ವಾನ್ಸ್ ಕೊಡುವುದನ್ನು ಒಂದು ವಾರ ನಿಲ್ಲಿಸಿ ಅಂದೆ. ಆ ಒಂದು ವಾರ ಮೂರು ವಾರ ಆಯಿತು. ನಾಲ್ಕು ಕಾರು ನೋಡಿದೆವು. ಆ ನಾಲ್ಕನ್ನು ಪಕ್ಕಪಕ್ಕ ಇಟ್ಟು ತೂಗಿದ ಲೆಕ್ಕ ಇದು. ನಮ್ಮ ಕಡೆ, ಅಂದರೆ ಉಡುಪಿ-ಮಂಗಳೂರಿನ ಕಡೆ, ಡೀಸೆಲ್ ಕಾರು ಹುಡುಕುವವರಿಗೆ ಉಪಯೋಗ ಆದೀತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಮೈಲೇಜ್ ಅಂದರೆ ಲೀಟರಿಗೆ ಎಷ್ಟು ಕೊಡುತ್ತದೆ ಅಂತ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಕೇಳುವುದೂ ಅದನ್ನೇ. ಮಾರುವವನು "ಇಪ್ಪತ್ತೆರಡು ಕೊಡ್ತದೆ ಸಾರ್" ಅಂತಾನೆ. ಆ ಉತ್ತರದಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಇಂಜಿನ್ ಸರಿ ಇದ್ದರೆ ಎಲ್ಲ ಡಿಸೈರೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತವೆ. ಕೇಳಬೇಕಾದ್ದು ಇಷ್ಟು: ಗಾಡಿ ಎಷ್ಟು ಓಡಿದೆ? ಅದು ನಿಮಗೆ ಹೇಗೆ ಗೊತ್ತು?

ಎರಡನೇ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಕಾರಿನ ಬೆಲೆ ಕಟ್ಟಬೇಕು ಅನ್ನುವುದು ನನ್ನ ವಾದ.

ಹಳೇ ಕಾಲದ ಮೀಟರನ್ನು ಕೇಬಲ್ ಬಿಚ್ಚಿ ಹಿಂದೆ ತಿರುಗಿಸುತ್ತಿದ್ದರು. ಈಗ ಸಂಖ್ಯೆ ಇರುವುದು ಒಂದು ಸಣ್ಣ ಮೆಮೊರಿ ಚಿಪ್‌ನಲ್ಲಿ. ಲ್ಯಾಪ್‌ಟಾಪ್ ಜೋಡಿಸಿದರೆ ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಬದಲಾಯಿಸಬಹುದು. ಡೀಸೆಲ್ ಕಾರಿಗೇ ಈ ಕಾಟ ಜಾಸ್ತಿ. ಯಾಕೆ ಅಂದರೆ, ಡೀಸೆಲ್ ಮಾಡೆಲ್‌ಗೆ ಹೊಸತರಲ್ಲೇ ಪೆಟ್ರೋಲಿಗಿಂತ ಲಕ್ಷದ ಹತ್ತಿರ ಜಾಸ್ತಿ ಬೆಲೆ ಇತ್ತು. ಅಷ್ಟು ಕೊಟ್ಟು ತಗೊಂಡವರು ಓಡಿಸಲಿಕ್ಕೆಂದೇ ತಗೊಂಡವರು. ಹಾಗಾಗಿ ವರ್ಷಕ್ಕೆ ಆರು ಸಾವಿರ ಮಾತ್ರ ಓಡಿದ ಡೀಸೆಲ್ ಕಾರು ಅಂದರೆ ಅದಕ್ಕೊಂದು ಕಾರಣ ಬೇಕು. ಕಾರಣ ಇದ್ದೀತು, ಇರಬಾರದು ಅಂತಲ್ಲ. ಆದರೆ ಅದನ್ನು ಮಾರುವವನು ಹೇಳಬೇಕು, ನಾವು ಊಹಿಸಿಕೊಂಡು ಸಮಾಧಾನ ಪಟ್ಟುಕೊಳ್ಳಬಾರದು.

ಭಾವನಿಗೆ ಡೀಸೆಲ್ಲೇ ಬೇಕಾ ಅನ್ನುವುದನ್ನೂ ಕೂತು ಲೆಕ್ಕ ಹಾಕಿದೆವು. ಮನೆ ಕಟಪಾಡಿ, ಕೆಲಸ ಬೈಕಂಪಾಡಿ. ಅಲ್ಲಿ ಇಲ್ಲಿ ಸುತ್ತಾಟ ಸೇರಿ ದಿನಕ್ಕೆ 75 ಕಿ.ಮೀ., ತಿಂಗಳಿಗೆ 22 ದಿನ. ಒಟ್ಟು 1,650. ಪೆಟ್ರೋಲ್ 103 ರೂಪಾಯಿ, ಲೀಟರಿಗೆ 15 ಕಿ.ಮೀ. ಅಂತ ಇಟ್ಟುಕೊಳ್ಳಿ. ಡೀಸೆಲ್ 91 ರೂಪಾಯಿ, ಲೀಟರಿಗೆ 20. ಕಿಲೋಮೀಟರಿಗೆ 2 ರೂಪಾಯಿ 30 ಪೈಸೆಯಷ್ಟು ಉಳಿತಾಯ. ತಿಂಗಳಿಗೆ 3,800, ವರ್ಷಕ್ಕೆ 45,000 ದಾಟುತ್ತದೆ. ಈ ಓಟಕ್ಕೆ ಡೀಸೆಲ್ ಸರಿ. ಅದೇ ನಮ್ಮ ಅಕ್ಕನ ಹಾಗೆ ಉಡುಪಿ ಪೇಟೆಗೆ, ಮಣಿಪಾಲಕ್ಕೆ ಅಂತ ತಿಂಗಳಿಗೆ 400 ಕಿ.ಮೀ. ಓಡಿಸುವವರಿಗೆ ವರ್ಷಕ್ಕೆ ಉಳಿಯುವುದು ಸುಮಾರು 11,000. ಇಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಒಂದು ಇಂಜೆಕ್ಟರ್ ಕೈಕೊಟ್ಟರೆ ಆ ಉಳಿತಾಯ ಅಲ್ಲಿಗೆ ಮುಗಿಯಿತು. ಅಂಥವರು ಇಲ್ಲಿಗೇ ಓದು ನಿಲ್ಲಿಸಿ ಒಂದು ಒಳ್ಳೇ ಪೆಟ್ರೋಲ್ ಕಾರು ನೋಡಬಹುದು. 2020ರ ಏಪ್ರಿಲ್ ನಂತರದ ಬಿಎಸ್6 (ಬಿಗಿಯಾದ ಹೊಗೆ ನಿಯಮದ) ಡೀಸೆಲ್ ಆದರಂತೂ ಸಣ್ಣ ಓಟಕ್ಕೆ ಬೇಡವೇ ಬೇಡ. ಅದರ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಹೈವೇಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಉಡುಪಿ ಪೇಟೆಯ ಕಲ್ಸಂಕದ ಟ್ರಾಫಿಕ್‌ನಲ್ಲಿ ಅದು ನಡೆಯುವ ಮಾತಲ್ಲ.

ನಾಲ್ಕು ಕಾರು ಯಾವುವು ಅಂದರೆ:

ಒಂದು, ಯಾರ್ಡಿನ ಆ ಡಿಸೈರ್. ಕೆಎ-20 ನಂಬರ್, ಮೀಟರ್ 62,000. ಸರ್ವಿಸ್ ದಾಖಲೆ "ಹಳೇ ಓನರ್ ಹತ್ರ ಉಂಟು". ಕೇಳಿದ್ದು 4.6 ಲಕ್ಷ. ಎರಡು, ಕುಂದಾಪುರದ ಒಬ್ಬ ಮೇಷ್ಟ್ರ ಕಾರು. ಅದೂ ಡಿಸೈರ್ ಡೀಸೆಲ್ಲೇ, 2014ರದ್ದು. ಮೀಟರ್ 1,84,000. ಒಂದು ಫೈಲ್ ತುಂಬಾ ಬಿಲ್ಲು. ಕೇಳಿದ್ದು 3.75. ಮೂರು, ಶಿರ್ವದ ಒಂದು ಮನೆಯ ಶೆಡ್ಡಿನಲ್ಲಿದ್ದ 2016ರ ಡೀಸೆಲ್ ಹ್ಯಾಚ್‌ಬ್ಯಾಕ್. ಯಜಮಾನರು ಗಲ್ಫ್‌ನಲ್ಲಿ. 31,000 ಓಡಿದ್ದು, 5.1 ಲಕ್ಷ. ನಾಲ್ಕು, ದೆಹಲಿ ನಂಬರಿನ ಒಂದು ಎಸ್‌ಯುವಿ. ಹೊಳೆಯುತ್ತಿತ್ತು. 70,000 ಅಂತ ಮೀಟರ್, 5 ಲಕ್ಷ.

ನಾಲ್ಕನೆಯದನ್ನು ಬೇಗ ಮುಗಿಸುತ್ತೇನೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಕಾರುಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರತೊಡಗಿದವು. ಕರ್ನಾಟಕದಲ್ಲಿ ಆ ನಿರ್ಬಂಧ ಇಲ್ಲ. ಆದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಹನ್ನೆರಡು ತಿಂಗಳೊಳಗೆ ಇಲ್ಲಿಯ ನಂಬರ್ ಮಾಡಿಸಬೇಕು, ಇಲ್ಲಿಯ ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಲೆಕ್ಕ ಹಾಕಿಸದೆ ಬೆಲೆ ಮಾತಾಡುವುದೇ ತಪ್ಪು. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಆ ಕಾರಿನ ಹಳೇ ಓನರ್ ಯಾರು, ಹೇಗೆ ಓಡಿಸಿದರು ಅಂತ ಇಲ್ಲಿ ಕೂತು ತಿಳಿಯುವ ದಾರಿ ಇಲ್ಲ. ಭಾವನಿಗೆ ಆಸೆ ಇತ್ತು. ನಾನೇ ಬೇಡ ಅಂದೆ.

ಯಾರ್ಡಿನ ಡಿಸೈರ್‌ನ ಮೀಟರ್ ನಿಜವಾ ಅಂತ ನೋಡಲು ಒಂದು ಇಡೀ ಮಧ್ಯಾಹ್ನ ಕಳೆದೆವು. ಜೊತೆಗೆ ನಮ್ಮ ಕಾಪುವಿನ ಮೆಕ್ಯಾನಿಕ್ಕನ್ನೂ ಕರೆದೊಯ್ದಿದ್ದೆ. ಪೇಟೆಯವರು ಹೇಳುವ ಮೊದಲ ಉಪಾಯ ಪೆಡಲ್ ರಬ್ಬರ್ ನೋಡುವುದು. ಅದು ಹೊಸದಾಗಿತ್ತು. ಸ್ಟೀರಿಂಗ್‌ಗೆ ಹೊಸ ಕವರ್. ಭಾವ "ನೋಡು, ಎಷ್ಟು ಚಂದ ಇಟ್ಟಿದ್ದಾರೆ" ಅಂದರು. ನಮ್ಮ ಮೆಕ್ಯಾನಿಕ್ ಏನೂ ಹೇಳದೆ ಸ್ಟೀರಿಂಗ್ ಕವರಿನ ಅಂಚು ಎತ್ತಿ ತೋರಿಸಿದ. ಕೆಳಗಿನ ಸ್ಟೀರಿಂಗ್ ಕೈಬೆವರಿಗೆ ನುಣುಪಾಗಿ ಹೊಳೆಯುತ್ತಿತ್ತು. 62,000 ಓಡಿದ ಕಾರಿಗೆ ಪೆಡಲ್ ರಬ್ಬರ್ ಬದಲಾಯಿಸುವ ಅಗತ್ಯ ಯಾಕೆ ಬಂತು? ಹಳತಾದ ಭಾಗಕ್ಕಿಂತ, ಸುಮ್ನೆ ಹೊಸದಾದ ಭಾಗವೇ ಜಾಸ್ತಿ ಮಾತಾಡುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3123 ಅಂದರೆ 2023ರ 31ನೇ ವಾರ. ಓಡುವ ನಾಲ್ಕು ಟೈರ್ 2023ರವು, ಸ್ಟೆಪ್ನಿ 2015ರದ್ದು. ಎಂಟು ವರ್ಷಕ್ಕೆ ಟೈರ್ ಬದಲಾಗುವುದು ದೊಡ್ಡ ವಿಷಯವಲ್ಲ. ಇದರಿಂದ ಮಾತ್ರ ತೀರ್ಪು ಕೊಡಲಿಕ್ಕಾಗುವುದಿಲ್ಲ.

ಭಾವ ಆನ್‌ಲೈನಲ್ಲಿ ತರಿಸಿದ್ದ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹೊರತೆಗೆದರು. ಅದು ಮೀಟರಿನ ಅಸಲಿ ಸಂಖ್ಯೆ ತೋರಿಸುತ್ತದೆ ಅನ್ನುವುದು ತುಂಬಾ ಜನರ ನಂಬಿಕೆ. ಸಾಮಾನ್ಯವಾಗಿ ತೋರಿಸುವುದಿಲ್ಲ. ಅದು ತೋರಿಸುವುದು ಬೇರೆ ಒಂದು ಸಂಗತಿ: ಫಾಲ್ಟ್ ಕೋಡ್ (ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಗುರುತು) ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಅಂತ. ಈ ಕಾರಿನಲ್ಲಿ 14 ಅಂತ ಬಂತು. ಅಂದರೆ ಯಾರೋ ಹೋದ ವಾರವಷ್ಟೇ ಕೋಡ್ ಅಳಿಸಿದ್ದಾರೆ. ಯಾವ ಕೋಡ್ ಇತ್ತು, ಯಾಕೆ ಅಳಿಸಿದರು? ಯಾರ್ಡಿನವರು "ಬ್ಯಾಟರಿ ತೆಗೆದಿದ್ವಿ" ಅಂದರು. ಇರಬಹುದು. ಕೆಲವು ಮಾಡೆಲ್‌ಗಳಲ್ಲಿ ಎಬಿಎಸ್, ಏರ್‌ಬ್ಯಾಗ್ ಯೂನಿಟ್‌ಗಳು ತಮ್ಮದೇ ಲೆಕ್ಕ ಇಟ್ಟಿರುತ್ತವೆ. ಅದನ್ನು ಓದಲು ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ ಅಲ್ವಾ?

ಕೊನೆಗೆ ಕೆಲಸಕ್ಕೆ ಬಂದದ್ದು ಈ ಯಾವ ಯಂತ್ರವೂ ಅಲ್ಲ. ಆರ್‌ಸಿಯಲ್ಲಿ ಹಳೇ ಓನರ್ ಹೆಸರು, ಊರು ಇತ್ತು. ಉಡುಪಿ ಎಷ್ಟು ದೊಡ್ಡ ಊರು? ಎರಡು ಫೋನಿನಲ್ಲಿ ಆ ಮನುಷ್ಯ ಸಿಕ್ಕಿದರು. ಸುರತ್ಕಲ್ ಕಡೆ ಕೆಲಸ, ಉಡುಪಿಯಿಂದ ದಿನಾ ಅದೇ ಕಾರಿನಲ್ಲಿ ಹೋಗಿ ಬರುತ್ತಿದ್ದರಂತೆ. "ನಾನು ಕೊಡುವಾಗ 1,71,000 ಆಗಿತ್ತಲ್ಲ ಮಾರಾಯ್ರೇ" ಅಂದರು. ಬೇಕಾದರೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಕಳಿಸುತ್ತೇನೆ ಅಂತಲೂ ಅಂದರು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯ. ಉಡುಪಿಯಿಂದ ಹೈವೇ ಹಿಡಿದು ಮಂಗಳೂರಿಗೆ ಹೋಗುವವರು ಹೆಜಮಾಡಿ ಟೋಲ್ ದಾಟಬೇಕು. ಒಂದು ತಿಂಗಳ ಸ್ಟೇಟ್‌ಮೆಂಟ್ ಸಾಕು, ಗಾಡಿ ಎಂಥಾ ಜೀವನ ಮಾಡಿದೆ ಅಂತ ತಿಳಿಯಲು.

ಹೇಳಬೇಕಾದ ಮಾತು: 1,71,000 ಓಡಿದ್ದಕ್ಕೆ ಆ ಕಾರು ಕೆಟ್ಟದ್ದೇನಲ್ಲ. ಹೈವೇಯಲ್ಲಿ ಓಡಿದ 1.3 ಲೀಟರಿನ ಈ ಡೀಸೆಲ್ ಇಂಜಿನ್‌ಗೆ ಅಷ್ಟು ಓಟ ದೊಡ್ಡದಲ್ಲ. ನಿಜ ಹೇಳಿ 3.5ಕ್ಕೆ ಕೊಟ್ಟಿದ್ದರೆ ನಾವೇ ತಗೊಳ್ಳುತ್ತಿದ್ದೆವೇನೋ. ತೊಂದರೆ ಆಗುವುದು ಸುಳ್ಳು ಮೀಟರ್ ನಂಬಿ ಓಡಿಸಿದಾಗ. 1,80,000ಕ್ಕೆ ಆಗಬೇಕಾದ ಕೆಲಸವನ್ನು "ಇನ್ನೂ 70,000 ಅಲ್ವಾ" ಅಂತ ಮುಂದೂಡುತ್ತೇವೆ.

ಇಲ್ಲಿ ಟೈಮಿಂಗ್ ಬೆಲ್ಟಿನ, ಅಂದರೆ ಇಂಜಿನ್ನಿನ ವಾಲ್ವ್ ಮತ್ತು ಪಿಸ್ಟನ್ ತಾಳ ತಪ್ಪದಂತೆ ಓಡಿಸುವ ಬೆಲ್ಟಿನ ವಿಷಯ ಬರುತ್ತದೆ. ಓಟ ಗೊತ್ತಿಲ್ಲದ ಕಾರಿನಲ್ಲಿ ನಾನು ಮೊದಲು ಕೇಳುವುದು ಇದನ್ನೇ: ಬೆಲ್ಟೋ, ಚೈನೋ? ಡಸ್ಟರ್‌ನ 1.5 ಡೀಸೆಲ್, ಪೋಲೊ ಮತ್ತು ವೆಂಟೊದ 1.5 ಡೀಸೆಲ್, ಹಳೇ ಇನ್ನೋವಾದ 2.5, ಇವಕ್ಕೆಲ್ಲ ಬೆಲ್ಟ್. ನಿಗದಿತ ಓಟಕ್ಕೆ ಬದಲಾಯಿಸಲೇಬೇಕು. ಓಡುತ್ತಿರುವಾಗ ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ, ಇಂಜಿನ್ ಬಿಚ್ಚುವುದೇ ಗತಿ. ಸ್ವಿಫ್ಟ್-ಡಿಸೈರ್‌ನ 1.3, ಎಟಿಯೋಸ್‌ನ 1.4, ಅಮೇಜ್‌ನ 1.5 ಡೀಸೆಲ್‌ಗಳಿಗೆ ಚೈನ್. ಚೈನೂ ಸಡಿಲ ಆಗುತ್ತದೆ, ಆದರೆ ಸಾಮಾನ್ಯವಾಗಿ ಮೊದಲು ಗಲಗಲ ಸದ್ದು ಮಾಡಿ ತಿಳಿಸುತ್ತದೆ. ಹಾಗಾಗಿ ಮೀಟರ್ ಮೇಲೆ ಅನುಮಾನ ಇದ್ದು, ಆ ಗಾಡಿಯೇ ಬೇಕು ಅನ್ನುವವರು ಚೈನಿನ ಇಂಜಿನ್ ಆರಿಸಲಿ. ಬೆಲ್ಟಿನದ್ದೇ ಬೇಕಾದರೆ ಬೆಲ್ಟ್ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆದು, ತಂದ ವಾರವೇ ಬದಲಿಸಲಿ.

ಇಂಜಿನ್ ಪರೀಕ್ಷೆಗೆ ಬೆಳಿಗ್ಗೆಯೇ ಹೋಗಬೇಕು. ಹೋಗುವ ಮೊದಲು ಫೋನ್ ಮಾಡಿ "ಸ್ಟಾರ್ಟ್ ಮಾಡಿ ಇಡಬೇಡಿ" ಅನ್ನಿ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಯಾರೋ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ನಮ್ಮ ಕರಾವಳಿಯ ಸೆಕೆಯಲ್ಲಿ ಡೀಸೆಲ್ ಇಂಜಿನ್ ಹೇಗಿದ್ದರೂ ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ಇದೇ ಕಾರನ್ನು ಚಳಿಗಾಲದಲ್ಲಿ ಮಡಿಕೇರಿಗೆ ಕೊಂಡೊಯ್ದರೆ ಬಣ್ಣ ಬಯಲಾದೀತು. ಸ್ಟಾರ್ಟ್ ಮಾಡಿದಾಗ ಒಬ್ಬರು ಹಿಂದೆ ನಿಂತು ಹೊಗೆ ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ ಸ್ವಲ್ಪ ಬಂದರೆ ಪರವಾಗಿಲ್ಲ. ನೀಲಿ ಬಂದರೆ ಆಯಿಲ್ ಸುಡುತ್ತಿದೆ, ಟರ್ಬೊ ಅಥವಾ ಪಿಸ್ಟನ್ ರಿಂಗ್ ಕಡೆ ನೋಡಬೇಕು. ಬಿಳಿ ಹೊಗೆ ನಿಲ್ಲದೇ ಬಂದರೆ ಇಂಜೆಕ್ಟರ್ ಅಥವಾ ಕೂಲಂಟ್. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಹಾಗೇ ಇಡಿ. ಮುಚ್ಚಳ ಕುಣಿದು ಹಾರಿಬಿದ್ದರೆ ಇಂಜಿನ್ ಒಳಗೆ ಸವೆದಿದೆ ಅಂತ ಅನುಮಾನ ಪಡಬಹುದು. ಡಿಪ್‌ಸ್ಟಿಕ್ ಎಳೆದು "ಅಯ್ಯೋ, ಆಯಿಲ್ ಕಪ್ಪಗಿದೆ" ಅಂತ ಬೆಲೆ ಇಳಿಸಲು ಹೋಗಬೇಡಿ. ಡೀಸೆಲ್‌ನಲ್ಲಿ ಬದಲಿಸಿದ ಕೆಲವೇ ದಿನಕ್ಕೆ ಆಯಿಲ್ ಕಪ್ಪಾಗುತ್ತದೆ. ನಗುತ್ತಾರೆ.

ಶಿರ್ವದ ಕಾರಿಗೆ ಬರೋಣ. ಇಲ್ಲಿ ಮೀಟರ್ ನಿಜ. ಕಡಿಮೆ ಓಡಿದ್ದಕ್ಕೆ ಕಾರಣವೂ ಇದೆ. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಓಡಿಸುವುದು, ಉಳಿದಂತೆ ವಾರಕ್ಕೊಮ್ಮೆ ಅಪ್ಪ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಬಂದ್ ಮಾಡುವುದು. ಭಾವನ ಮನಸ್ಸು ಪೂರಾ ಅಲ್ಲೇ ಇತ್ತು. ಆದರೆ ನಿಂತ ಕಾರಿಗೂ ವಯಸ್ಸಾಗುತ್ತದೆ. ಟೈರುಗಳಲ್ಲಿ ಗೆರೆ ಬಿರುಕು. ಬ್ರೇಕ್ ಡಿಸ್ಕ್ ತುಕ್ಕು. ರಬ್ಬರ್ ಬುಶ್‌ಗಳು ಗಟ್ಟಿಯಾಗಿ ಕಿರ್ರೆನ್ನುತ್ತಿದ್ದವು. ಬಾನೆಟ್ ಕೆಳಗೆ ಹೆಗ್ಗಣದ ಗೂಡು, ಎರಡು ಕಡೆ ವಯರಿಗೆ ಟೇಪ್ ಸುತ್ತಿತ್ತು. ಇದರಲ್ಲಿ ಹೆಚ್ಚಿನದು 40-50 ಸಾವಿರದಲ್ಲಿ ಸರಿಹೋಗುವಂಥದ್ದೇ, ಇಂಜಿನ್ ಗಟ್ಟಿ ಇತ್ತು. ಬಜೆಟ್ ಆರು ಲಕ್ಷ ಇದ್ದು, ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಭಾವನ ಬಜೆಟ್ ಐದು. ಅವರು ಆ ಕಡಿಮೆ ಓಟಕ್ಕೆ ಒಂದೂವರೆ ಲಕ್ಷ ಜಾಸ್ತಿ ಕೊಟ್ಟು, ವರ್ಷಕ್ಕೆ 20,000 ಓಡಿಸಿ ಅದನ್ನು ಕರಗಿಸುವವರು.

ಕರಾವಳಿಯ ಕಾರು ಯಾವುದೇ ಇರಲಿ, ಕೆಳಗೆ ನುಗ್ಗಿ ನೋಡದೆ ದುಡ್ಡು ಕೊಡಬಾರದು. ಮಲ್ಪೆ, ಉಳ್ಳಾಲದ ಕಡಲ ಬದಿಯಲ್ಲಿ ನಿಲ್ಲಿಸಿದ ಕಾರಿಗೆ ಉಪ್ಪಿನ ಗಾಳಿ ಕೆಳಗಿನಿಂದ ತಿನ್ನುತ್ತದೆ. ಬಾಗಿಲಿನ ಕೆಳ ಅಂಚು, ಜಾಕ್ ಇಡುವ ಜಾಗ, ಸೈಲೆನ್ಸರ್, ಇಷ್ಟು ನೋಡಿ. ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಅದರ ಕೆಳಗೆ ಏನಿದೆ ಅಂತ ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ ಕೇಳಿ. ಇನ್ನೊಂದು ನೆರೆ. 2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೀರು ನುಗ್ಗಿದ್ದು ನೆನಪಿದೆಯಲ್ಲ? ಆಗ ಮುಳುಗಿದ ಕಾರುಗಳಲ್ಲಿ ಕೆಲವು ಇವತ್ತಿಗೂ ಕೈ ಬದಲಾಗುತ್ತಿರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. 50 ಶೇಕಡಾ ಇದ್ದರೆ ಐದು ವರ್ಷ ಕ್ಲೇಮ್ ಆಗಿಲ್ಲ ಅಂತ ಅರ್ಥ. ಸೊನ್ನೆ ಇದ್ದರೆ ಯಾಕೆ ಅಂತ ಕೇಳಿ.

ಮೇಷ್ಟ್ರ ಕಾರಿಗೆ ಕೊನೆಗೆ ಬಂದೆವು, ಅದೂ ಭಾವನ ಮನಸ್ಸಿಲ್ಲದ ಮನಸ್ಸಿನಿಂದ. ಮೀಟರಿನಲ್ಲಿ 1,84,000 ನೋಡಿದ ಕೂಡಲೇ ಅವರ ಮುಖ ಇಳಿಯಿತು. ಸೀಟಿನ ಬಲ ಅಂಚು ಸವೆದಿತ್ತು, ಸ್ಟೀರಿಯೋ ಹಾಳಾಗಿತ್ತು, ಹಿಂದಿನ ಬಂಪರಿಗೆ ಯಾವುದೋ ಮುರಕಲ್ಲಿನ ಕಾಂಪೌಂಡ್ ತಾಗಿದ ಗುರುತು. ಆದರೆ ಫೈಲ್ ತೆಗೆದು ಮೇಷ್ಟ್ರು ಮೇಜಿನ ಮೇಲೆ ಇಟ್ಟರು. ಹತ್ತು ಸಾವಿರಕ್ಕೊಂದರಂತೆ ಹದಿನೆಂಟು ಸರ್ವಿಸ್ ಬಿಲ್, ಪ್ರತಿಯೊಂದರಲ್ಲೂ ಮೀಟರ್ ಸಂಖ್ಯೆ. 1,12,000ಕ್ಕೆ ಕ್ಲಚ್. 1,47,000ಕ್ಕೆ ಸಸ್ಪೆನ್ಶನ್ ಕೆಲಸ. ಒಂದು ಇಂಜೆಕ್ಟರ್ ಬದಲಿಸಿದ ಬಿಲ್ಲನ್ನೂ ಅಡಗಿಸಿರಲಿಲ್ಲ. ಒಬ್ಬರೇ ಓನರ್, ಲೋನ್ ತೀರಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿದ್ದರು. ಆರ್‌ಸಿ 2029ರವರೆಗೆ ಇತ್ತು.

ಬೆಲೆ ಕಟ್ಟಲು ನಾನು ಹಿಡಿದ ದಾರಿ ಇದು. ದಾಖಲೆ ಇಲ್ಲದ ಡೀಸೆಲ್ ಕಾರು ವರ್ಷಕ್ಕೆ ಕಡಿಮೆ ಅಂದರೂ 18,000 ಓಡಿದೆ ಅಂತ ಇಟ್ಟುಕೊಳ್ಳುವುದು, ಮೀಟರ್ ಏನೇ ಹೇಳಲಿ. ಹಾಗೆ ನೋಡಿದರೆ ಯಾರ್ಡಿನ ಹತ್ತು ವರ್ಷದ ಕಾರೂ 1,80,000ರದ್ದೇ. ಅಲ್ಲಿಗೆ ಎರಡು ಡಿಸೈರೂ ಒಂದೇ ಓಟದವು. ಒಂದಕ್ಕೆ ಬಿಲ್ಲು ಇದೆ, 3.75. ಇನ್ನೊಂದಕ್ಕೆ ಪಾಲಿಶ್ ಇದೆ, 4.6. ಇದನ್ನು ಒಂದು ಕಾಗದದಲ್ಲಿ ಬರೆದು ಭಾವನ ಎದುರು ಇಟ್ಟೆ. ಅವರು ಸ್ವಲ್ಪ ಹೊತ್ತು ನೋಡಿ, "ಸ್ಟೀರಿಯೋ ಹಾಳಾಗಿದೆ ಅಂತ ಹತ್ತು ಸಾವಿರ ಇಳಿಸಬಹುದಾ?" ಅಂತ ಕೇಳಿದರು.

ಹದಿನೈದು ಇಳಿಯಿತು. 3.6 ಲಕ್ಷ. ಓನರ್ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಆದ ದಿನವೇ ಇನ್ಶೂರೆನ್ಸ್ ಬದಲಾವಣೆಗೂ ಅರ್ಜಿ ಹಾಕಿದೆವು. ಉಳಿದ ದುಡ್ಡಿನಲ್ಲಿ 60,000 ಬೇರೆ ತೆಗೆದಿಟ್ಟೆವು. ಮೊದಲ ತಿಂಗಳು ಅದರಿಂದ ಹೋದದ್ದು ಆಯಿಲ್, ಎಲ್ಲ ಫಿಲ್ಟರ್, ಕೂಲಂಟ್, ಎರಡು ಟೈರ್, ಬ್ಯಾಟರಿ. ಎರಡನೇ ಕ್ಲಚ್ 1,96,000ಕ್ಕೆ ಬಂತು. ಅದೂ ಆ ದುಡ್ಡಿನಲ್ಲೇ ಆಯಿತು.

ಸ್ಟೀರಿಯೋ ಇನ್ನೂ ಹಾಳೇ. ಸರಿ ಮಾಡಿಸಿ ಅಂತ ಅಕ್ಕ ಎರಡು ಸಲ ಹೇಳಿದ್ದಾಳೆ. ಭಾವ ಕೇಳುವುದಿಲ್ಲ. ಹಾಡು ಹಾಕಿದರೆ ಇಂಜಿನ್ ಸದ್ದು ಕೇಳಿಸುವುದಿಲ್ಲವಂತೆ.